ದೆವ್ವಗಳು ಕಾದು ನಿಂತ ಹಿಂಗಾರು

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಮಿಕ್ಸರಿನ ಸಣ್ಣ ಜಾರು, ಒಬ್ಬಳಿಗೆ ಸಾಕಾಗುವಷ್ಟು ಚಟ್ನಿ ಆಗುವಂಥದು, ರಿಪೇರಿಗೆ ಕೊಟ್ಟು ಕಾಯುತ್ತ ನಿಂತಿದ್ದೆ. ಬಾಜುವಿನ ಅಂಗಡಿಯಾತ ಹಳೆಯ ಕಾಲದ, ಡಬ್ಬಿಯಂಥ ಟೀವಿಯೊಂದರ ಬೆನ್ನು ಬಿಚ್ಚಿ ಕರೆಂಟು ಕೊಟ್ಟ. ಎಷ್ಟೋ ವರ್ಷದಿಂದ ಒಳಗೆ ಕೂತಿದ್ದ ಧೂಳು ಬಿಸಿಯಾಯಿತು. ಸುಟ್ಟ ವಾಸನೆಯಲ್ಲ ಅದು, ಸುಡುವುದಕ್ಕಿಂತ ತುಸು ಮೊದಲಿನದು. ಕುಂದಗೋಳದ ಹೈಸ್ಕೂಲಿನ ಮೂಲೆಯ ಕೋಣೆ, ಕಿಟಕಿಗೆ ಹೊಡೆದ ಗೋಣಿತಟ್ಟು, ಕರಿಯ ಪರದೆಯ ಮೇಲೆ ಹಸಿರು ಅಕ್ಷರ, ಎಲ್ಲ ಒಮ್ಮೆಲೇ ಬಂದವು. ಅವುಗಳ ಹಿಂದೆಯೇ ಒಂದು ದನಿ: “ಕೈ ತಗಿ ಬೇಟಿ. ಈಗ ಅವರ ಪಾಳಿ.”

ದಿನಚರಿ ಬರೆಯುವ ಚಟ ನನಗೆ ಕಾಲೇಜಿನ ದಿನಗಳಿಂದ ಇದೆ. ಅದರಿಂದ ಕಲಿತದ್ದೆಂದರೆ ನೆನಪನ್ನು ಪೂರ್ತಿ ನಂಬಬಾರದು ಎಂಬುದು. ಹಳೆಯ ಪುಟ ತಿರುವಿದಾಗ, ಆಣೆ ಮಾಡಿ ಹೇಳಬಲ್ಲೆ ಅಂದುಕೊಂಡದ್ದು ಅಲ್ಲಿರುವುದಿಲ್ಲ. ಅಲ್ಲಿರುವುದು ನನಗೆ ಸಂಬಂಧವೇ ಇಲ್ಲದ ಯಾರೋ ಬರೆದಂತೆ ಇರುತ್ತದೆ. ಆ ಹಿಂಗಾರಿನಲ್ಲಿ ನಾನು ಬರೆದಿಟ್ಟದ್ದು ಬರೀ ಹವೆಯ ಸುದ್ದಿ. ಗಾಳಿ ಬಹಳ. ಬೆಳಗ್ಗೆ ಮಂಜು. ಕರೆಂಟು ಇಲ್ಲ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ತಲೆಯೊಳಗಿನದು. ಎಲ್ಲಿ ನನಗೇ ಅನುಮಾನವಿದೆಯೋ ಅಲ್ಲಿ ಹಾಗೆಂದು ಹೇಳುತ್ತೇನೆ.

ಎಂಬತ್ತೇಳು ಇರಬೇಕು, ಎಂಬತ್ತೆಂಟೂ ಆಗಿರಬಹುದು. ಹಸ್ತದ ಮಳೆ ಹದವಾಗಿ ಬಿದ್ದು, ಯರಗುಪ್ಪಿಯ ಕಡೆಯ ಕರಿಮಣ್ಣಿನ ಎರಿ ಹೊಲಗಳಲ್ಲಿ ಬಿಳಿಜೋಳ ಬಿತ್ತುತ್ತಿದ್ದರು. ಸರಕಾರದ ಯಾವುದೋ ಯೋಜನೆಯಲ್ಲಿ ನಮ್ಮ ಹೈಸ್ಕೂಲಿಗೆ ಒಂದು ಕಂಪ್ಯೂಟರ್ ಬಂತು. ಊರಲ್ಲಿ ಅದೇ ಮೊದಲನೆಯದು. ಹೆಡ್‌ಮಾಸ್ತರರು ಮೂಲೆಯ ಕೋಣೆ ತೊಳೆಸಿ, ಕರಿಮಣ್ಣಿನ ಧೂಳು ಬರಬಾರದೆಂದು ಕಿಟಕಿಗೆ ಗೋಣಿತಟ್ಟು ಹೊಡೆಸಿ, ಚಪ್ಪಲಿ ಹೊರಗೆ ಬಿಡಬೇಕೆಂದು ಬಾಗಿಲಿಗೆ ಬರೆಸಿದರು. ಆಯುಧಪೂಜೆಯ ದಿನ ಪರದೆಯ ಹಣೆಗೆ ವಿಭೂತಿ ಹಚ್ಚಿ ಕುಂಕುಮ ಇಟ್ಟರು. ಅದರ ಹುಡಿ ಕೀಲಿಮಣೆಯ ಸಂದಿಯಲ್ಲಿ ಸೇರಿ ಒಂದು ಅಕ್ಷರ ಕೊನೆತನಕ ಗಟ್ಟಿ ಒತ್ತಿದರಷ್ಟೇ ಬೀಳುತ್ತಿತ್ತು. ಹುಡುಗರು ಶನಿವಾರ ಸಾಲಾಗಿ ಬಂದು ದೂರದಿಂದ ನೋಡಿ ಹೋಗುತ್ತಿದ್ದರು. ಮುಟ್ಟುವ ಅಧಿಕಾರ ಹುಬ್ಬಳ್ಳಿಯಲ್ಲಿ ತರಬೇತಿ ಪಡೆದು ಬಂದ ನನಗೆ ಮಾತ್ರ ಇತ್ತು.

ನಾನು ಅಲ್ಲಿಗೆ ವಿಜ್ಞಾನದ ಟೀಚರಾಗಿ ಬಂದದ್ದು ನೌಕರಿಯ ಆಸೆಗಲ್ಲ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ನನ್ನನ್ನು ಇಚಲಕರಂಜಿಯ ನೂಲಿನ ವ್ಯಾಪಾರದ ಮನೆಗೆ ಕೊಟ್ಟಿದ್ದರು. ವರ್ಷ ತುಂಬುವ ಮೊದಲೇ ಅಲ್ಲಿಂದ ಬಂದುಬಿಟ್ಟೆ. ಗಂಡ ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ನನ್ನ ಹತ್ತಿರ ಮಾತಾಡುತ್ತಿರಲಿಲ್ಲ. ತಾಯಿಯ ಹತ್ತಿರ ಆಡುತ್ತಿದ್ದ, ಅಂಗಡಿಯ ಗುಮಾಸ್ತರ ಹತ್ತಿರ ನಗುತ್ತಿದ್ದ. ನಾನು ‘ಅನ್ನ ಹಾಕಲೇ?’ ಎಂದರೆ ತಾಟಿನ ಮುಂದೆ ಸುಮ್ಮನೆ ಕೂತಿರುತ್ತಿದ್ದ. ಜಗಳವಾಗಿ ಮುನಿದದ್ದಲ್ಲ, ಮೊದಲ ದಿನದಿಂದಲೂ ಹಾಗೆಯೇ. ಆ ಸುಮ್ಮನಿರುವಿಕೆಯನ್ನು ತಡೆಯಲಾರದೆ ನಾನೇ ಮತ್ತೆ ಮಾತಾಡುತ್ತಿದ್ದೆ. ‘ಸಾಕೇ? ಸಾಕಿರಬೇಕು. ಮಜ್ಜಿಗೆ ತರುತ್ತೇನೆ.’ ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ. ಹೊರಗಿನಿಂದ ಕೇಳಿದವರಿಗೆ ಗಂಡಹೆಂಡತಿ ಚೆನ್ನಾಗಿ ಮಾತಾಡಿಕೊಂಡಿದ್ದಾರೆ ಅನ್ನಿಸಿದರೂ ಅನ್ನಿಸೀತು.

ಇದನ್ನು ಯಾರಿಗಾದರೂ ಹೇಳಿದರೆ ದೂರಿನ ಹಾಗೆ ಕೇಳಿಸುತ್ತಿರಲಿಲ್ಲ. ನಮ್ಮಣ್ಣ, ತಂಬೂರಿನಲ್ಲಿ ಹೊಲಮನೆ ನೋಡಿಕೊಂಡಿರುವವನು, ಕೇಳಿದ: “ಹೊಡೀತಾನೇನು?”

“ಇಲ್ಲ.”

“ಮತ್ತ? ಸುಮ್ಮ ಇರೂದು ತಪ್ಪೇನವಾ? ನಮ್ಮಪ್ಪರ ಎಲ್ಲೆ ಭಾಳ ಮಾತಾಡ್ತಿದ್ದ?”

ಕುಂದಗೋಳದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಸಂಜೆ ಸ್ಟೋವ್ ಹಚ್ಚಿ ಒಂದು ಹಿಡಿ ಅಕ್ಕಿ ಇಟ್ಟು ರೇಡಿಯೋ ಹಾಕುತ್ತಿದ್ದೆ. ರೇಡಿಯೋದವರು ‘ನಮಸ್ಕಾರ’ ಅಂದರೆ ನಾನೂ ‘ನಮಸ್ಕಾರ್ರಿ’ ಅನ್ನುತ್ತಿದ್ದೆ. ಬಾಯಿಂದ ಬಂದ ಮೇಲೆ ನಾಚಿಕೆಯಾಗುತ್ತಿತ್ತು.

ಶಮ್ಶಾದ್ ಆಪಾ ನಮ್ಮ ಹಿಂದಿ ಟೀಚರ್. ಐವತ್ತರ ಆಸುಪಾಸು, ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ನೇಕಾರ ಓಣಿಯಲ್ಲಿ ಮೈದುನನ ಮನೆಯ ಮೇಲಿನ ಕೋಣೆಯಲ್ಲಿ ಇರುತ್ತಿದ್ದರು. ಆ ಮನೆಯಲ್ಲಿ ಸಂಜೆಯಾಗುವತನಕ ಮಗ್ಗದ ಸಪ್ಪಳ. “ಅಲ್ಲಿ ನಾ ಏನ ಮಾತಾಡಿದ್ರೂ ಖಟಕ್ ಖಟಕ್ ಅಂತ ಉತ್ತರಾ ಬರ್ತೈತಿ” ಅನ್ನುತ್ತಿದ್ದರು. ಶಾಲೆ ಬಿಟ್ಟ ಮೇಲೆ ಮನೆಗೆ ಹೋಗಲು ಅವಸರವಿಲ್ಲದವರು ನಾವಿಬ್ಬರೇ. ಒಂದು ಸಂಜೆ ಅವರು ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಬಂದು ನನ್ನ ಬಾಜು ಸ್ಟೂಲ್ ಎಳೆದು ಕೂತರು. “ನಿನ್ನ ಪೆಟ್ಟಿಗಿ ಏನೇನ ಮಾಡ್ತೈತಿ ತೋರ್ಸು. ಬರೇ ಕೂಡಸೂದು ಕಳಿಯೂದು ಆದ್ರ ನಾ ಹೊಂಟೆ.”

ಪಾಠದ ಫ್ಲಾಪಿಗಳ ನಡುವೆ ಹೆಸರು ಬರೆಯದ ಒಂದು ಫ್ಲಾಪಿ ಇತ್ತು. ಜೋಡಿಸಲು ಬಂದಿದ್ದ ಹುಬ್ಬಳ್ಳಿಯವರು ಮರೆತದ್ದೋ ಬೇಕೆಂದೇ ಬಿಟ್ಟದ್ದೋ ಗೊತ್ತಿಲ್ಲ. ಅದನ್ನು ಹಾಕಿದರೆ ಹಸಿರು ಗೆರೆಗಳ ಒಂದು ಸುರಂಗ ಮೂಡುತ್ತಿತ್ತು. ನಾಲ್ಕು ಜನರ ತಂಡ ಕಟ್ಟಿಕೊಂಡು ಒಳಗೆ ಇಳಿಯಬೇಕು. ತಳದಲ್ಲಿ ಒಬ್ಬ ಮಾಟಗಾರ ರಾಜನ ಕಿರೀಟ ಕದ್ದು ಅಡಗಿ ಕೂತಿದ್ದಾನೆ, ತರಬೇಕು. ದಾರಿಯಲ್ಲಿ ಎಲುಬಿನ ಗೂಡು, ಇಲಿ ಮೋರೆಯವರು, ಹೊಗೆಯಂಥವರು ಎದುರಾಗುತ್ತಾರೆ. ಆಪಾ ಎಲ್ಲಕ್ಕೂ ಒಂದೇ ಹೆಸರಿಟ್ಟರು: ದೆವ್ವ.

ದೆವ್ವಗಳು ಬಂದ ಕೂಡಲೇ ಸುರಂಗ ನಿಂತುಬಿಡುತ್ತಿತ್ತು. ಕೆಳಗೆ ಅಕ್ಷರ ಮೂಡಿ, ನಮ್ಮ ನಾಲ್ವರಲ್ಲಿ ಒಬ್ಬೊಬ್ಬರದೂ ಹೆಸರು ಹಿಡಿದು ಕೇಳುತ್ತಿತ್ತು: ಇವರು ಏನು ಮಾಡಬೇಕು? ಹೊಡೆಯುವುದೋ, ಢಾಲು ಎತ್ತಿ ತಡೆಯುವುದೋ, ಮಂತ್ರ ಹಾಕುವುದೋ, ಓಡುವುದೋ? ನಾಲ್ವರದೂ ಹೇಳಿ ಮುಗಿಸಿ ದೊಡ್ಡ ಕೀಲಿ ಒತ್ತಿದ ಮೇಲೆಯೇ ಒಂದು ಸುತ್ತು ನಡೆಯುವುದು. ನಾವು ಹೊಡೆದದ್ದು ಎಷ್ಟು ತಾಗಿತು, ಎಷ್ಟು ತಪ್ಪಿತು, ಅವರು ಹೊಡೆದದ್ದು ಯಾರಿಗೆ ಬಿತ್ತು, ಒಂದೊಂದೇ ಸಾಲು. ಆಮೇಲೆ ಮತ್ತೆ ನಮ್ಮ ಪಾಳಿ. ಮತ್ತೆ ಅದೇ ಪ್ರಶ್ನೆ.

“ಏನಂತ ಬರದೈತಿ?” ಆಪಾಗೆ ಇಂಗ್ಲಿಷ್ ನಿಧಾನ.

“ದೆವ್ವ ಬಂದಾವ್ರಿ. ನೀವು ಏನ ಮಾಡ್ತೀರಿ ಅಂತ ಕೇಳಾಕತ್ತೈತಿ.”

“ಕೇಳಿ ಹೊಡೀತಾವೇನ ಅವು?”

“ಹೌದ್ರಿ. ನಾವು ಹೇಳೂತನಕಾ ನಿಂತಿರ್ತಾವ.”

“ಅರೇ! ನಮ್ಮ ಸ್ಟಾಫ್ ರೂಮಿನ್ಯಾಗ ಇಷ್ಟು ಮರ್ಯಾದಿ ಇಲ್ಲ ನೋಡು.”

ಅವರಿಗೆ ಹಿಡಿಸಿದ್ದು ದೆವ್ವಗಳ ಈ ತಾಳ್ಮೆ. ಸಂಜೆಯ ನಮಾಜಿನ ಹೊತ್ತಾದರೆ ಗೋಡೆಯ ಕಡೆಗೆ ಚಾಪೆ ಹಾಸುತ್ತ, “ಅವಕ್ಕ ಹೇಳು, ಬಂದ್ನಿ ಅಂತ” ಅನ್ನುತ್ತಿದ್ದರು. ಅವರು ಬಾಗಿ ಎದ್ದು ಮುಗಿಸುವವರೆಗೆ ಎಲುಬಿನ ಗೂಡುಗಳು ಪರದೆಯ ಮೇಲೆ ಕತ್ತಿ ಎತ್ತಿಕೊಂಡು ನಿಂತಿರುತ್ತಿದ್ದವು. ಸ್ಟೆಬಿಲೈಜರಿನ ಗುಂಯ್ ಸದ್ದು, ಗೋಣಿತಟ್ಟಿನ ತೂತುಗಳಿಂದ ಚುಕ್ಕಿ ಚುಕ್ಕಿಯಾಗಿ ಬೀಳುವ ಬಿಸಿಲು, ಆಪಾ ಪಿಸುಗುಡುವುದು. ನನಗೆ ಹಿಡಿಸಿದ್ದು ಬೇರೆ. ನಾನೊಂದು ಮಾಡಿದರೆ ಎದುರಿನಿಂದ ಒಂದು ಬರುತ್ತಿತ್ತು. ಪೆಟ್ಟೇ ಇರಲಿ, ಬರುತ್ತಿತ್ತು. ಇದನ್ನು ಅಂದೇ ಹೀಗೆ ಯೋಚಿಸಿದ್ದೆನೋ, ಆಮೇಲೆ ವರ್ಷಗಳು ಕಳೆದು ನಾನೇ ಹೊಲಿದು ಸೇರಿಸಿದ್ದೋ ಹೇಳಲಾರೆ. ಕೋಣೆಗೆ ಹೋಗಿ ಸ್ಟೋವ್ ಹಚ್ಚುವುದು ದಿನದಿನಕ್ಕೆ ತಡವಾಗುತ್ತ ಹೋದದ್ದು ಮಾತ್ರ ನಿಜ.

ತಂಡದ ನಾಲ್ವರಿಗೆ ಆಪಾನೇ ಹೆಸರಿಟ್ಟರು. ಕತ್ತಿ ಹಿಡಿದವಳು ಕಲ್ಲವ್ವ, ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳ ಹೆಸರು. “ಅಕಿ ಬಾಯಿಗೆ ಮಾಟಗಾರನೂ ಹೆದರ್ತಾನ.” ಗಾಯ ಮಾಯಿಸುವವನು ಮಾಮು. ಬೀಗ ಮುರಿಯುವ ಕಳ್ಳ ಗುಂಡ್ಯಾ. ಬೆಂಕಿಯ ಮಂತ್ರ ಬಲ್ಲ, ಗಡ್ಡದ ಮುದುಕ ಅಜ್ಜ. ಯಾರು ಎಲ್ಲಿ ನಿಲ್ಲಬೇಕೆಂದು ಆಟ ಕೇಳಿತು. ನಾವಿಬ್ಬರೂ ಯೋಚನೆಯನ್ನೇ ಮಾಡದೆ, ಊಟದ ಪಂಕ್ತಿಯಲ್ಲಿ ಕೂರಿಸಿದ ಹಾಗೆ ಅಜ್ಜನನ್ನು ಮೊದಲು, ಅವನ ಬಾಜು ಮಾಮುವನ್ನು, ಹಿಂದೆ ಸಣ್ಣವರನ್ನು ನಿಲ್ಲಿಸಿದೆವು. ಬೇರೆ ರೀತಿಯೂ ಇರಬಹುದೆಂದು ಹೊಳೆಯಲೇ ಇಲ್ಲ. ಮೊದಲ ದೆವ್ವ ಬಂದ ಕೂಡಲೇ ಅಜ್ಜ ಸತ್ತ. ಅವನನ್ನು ಹೊತ್ತು ಮೇಲೆ ತಂದು, ಗುಡಿಯಲ್ಲಿ ಇದ್ದಬದ್ದ ಹೊನ್ನು ಸುರಿದು ಬದುಕಿಸಿ ಮತ್ತೆ ಇಳಿದೆವು. ಮತ್ತೆ ಸತ್ತ.

ಎಷ್ಟೋ ಸಂಜೆ ಹೀಗೆ ಹೋದ ಮೇಲೆ ಆಟದಲ್ಲೇ ಒಂದು ಕಡೆ ಇದ್ದ ವಿವರಣೆ ಓದಿದೆ. ಕೈಯಿಂದ ಹೊಡೆಯುವ ದೆವ್ವ ಮುಂದಿನ ಸಾಲನ್ನು ಮಾತ್ರ ಮುಟ್ಟಬಲ್ಲದು. ಮಂತ್ರದವರು ಮೈಯಿಂದ ಮೆತ್ತಗಿನವರು, ಅವರನ್ನು ಹಿಂದೆ ಇಡಬೇಕು. ಅಲ್ಲಿಂದಲೂ ಅವರ ಬೆಂಕಿ ತಲುಪುತ್ತದೆ. ಆಪಾಗೆ ಹೇಳಿದೆ.

“ಹಿರ್ಯಾರನ್ನ ಹಿಂದ ನಿಂದರಸೂದೇನ?”

“ಇದು ಊಟದ ಪಂಕ್ತಿ ಅಲ್ರಿ ಆಪಾ. ಮುಂದಿದ್ದವರಿಗೆ ಪೆಟ್ಟು ಬೀಳ್ತೈತಿ.”

“ಅದಕ್ಕs ಹೇಳೂದು. ಉಣ್ಣಾಕ ಮುಂದ ಕುಂತಾವರು ಪೆಟ್ಟು ತಿನ್ನಾಕ ಹಿಂದ ಹೋದ್ರ ಹ್ಯಾಂಗ? ಇರಲಿ ಬಿಡು, ಅಜ್ಜ ಮುಂದ ಇರಲಿ. ಅವಗೇನು, ಸತ್ತು ಸತ್ತು ರೂಢಿ ಆಗೈತಿ.”

ನಕ್ಕೆವು. ಅಜ್ಜ ಮುಂದೆಯೇ ಉಳಿದ. ಅವನನ್ನು ಉಳಿಸಿಕೊಳ್ಳಲು ಒಂದು ಪದ್ಧತಿ ಕಟ್ಟಿಕೊಂಡೆವು: ಮೊದಲ ಸುತ್ತಿನಲ್ಲಿ ಅಜ್ಜ ಹೊಡೆಯದೆ ಢಾಲು ಎತ್ತಬೇಕು, ಮಾಮು ಅವನ ಗಾಯ ಮಾಯಿಸಬೇಕು, ಹಿಂದಿನಿಂದ ಗುಂಡ್ಯಾ ಬಾಣ ಬಿಡಬೇಕು, ಎರಡನೆಯ ಸುತ್ತಿಗೆ ಅಜ್ಜನ ಬೆಂಕಿ. ಆಟ ಬರೆದವರು ನೋಡಿದ್ದರೆ ನಗುತ್ತಿದ್ದರು. ಕಲ್ಲವ್ವನಂಥ ಕಲ್ಲವ್ವ ಹಿಂದೆ ಕೈಕಟ್ಟಿ ನಿಂತಿರುತ್ತಿದ್ದಳು. ಆದರೂ ನಾವು ಸುರಂಗದಲ್ಲಿ ಕೆಳಗೆ ಕೆಳಗೆ ಇಳಿಯುತ್ತ ಹೋದೆವು.

ಸೋತರೆ ಹೆಚ್ಚಿನ ಸಲ ನನ್ನಿಂದಲೇ. ಎದುರಿನವರ ಪಾಳಿ ನಡೆಯುವಾಗ ಮೆಷಿನ್ನು ನಿಧಾನ. ಒಂದೊಂದು ಸಾಲು ಬರಲು ತೇಕುತ್ತಿತ್ತು. ಆ ಖಾಲಿ ಹೊತ್ತನ್ನು ನಾನು ತಡೆಯಲಾರದೆ ಕೀಲಿ ಒತ್ತುತ್ತಿದ್ದೆ. ಒತ್ತಿದ್ದು ಎಲ್ಲೂ ಹೋಗುತ್ತಿರಲಿಲ್ಲ. ಮೆಷಿನ್ನು ಅದನ್ನು ಕೂಡಿಟ್ಟುಕೊಂಡು, ನಮ್ಮ ಪಾಳಿ ಬಂದ ಕೂಡಲೇ ಕೇಳದೆಯೇ, ಇದೇ ನಿಮ್ಮ ಅಪ್ಪಣೆ ಎಂದು ನಡೆಸಿಬಿಡುತ್ತಿತ್ತು. ಗಾಯ ಮಾಯಿಸಬೇಕಾದ ಮಾಮು ಬರಿಗೈಯಲ್ಲಿ ದೆವ್ವದ ಮೇಲೆ ಬೀಳುತ್ತಿದ್ದ. ಅಜ್ಜ ಸಾಯುತ್ತಿದ್ದ. ಒಂದು ಸಂಜೆ ಆಪಾ ಎದ್ದು ಬಂದು ಹಿಂದಿನಿಂದ ನನ್ನ ಮಣಿಕಟ್ಟು ಹಿಡಿದು ಎತ್ತಿ ನನ್ನ ತೊಡೆಯ ಮೇಲೆ ಇಟ್ಟರು. “ಕೈ ತಗಿ ಬೇಟಿ. ಈಗ ಅವರ ಪಾಳಿ. ಅವರು ಏನ ಮಾಡ್ತಾರೋ ಪೂರಾ ಮಾಡ್ಲಿ, ನೋಡೂಣು.”

ಅಂದಿನಿಂದ ಅದು ರೂಢಿಯಾಯಿತು. ದೊಡ್ಡ ಕೀಲಿ ಒತ್ತುವುದು, ಕೈ ತೊಡೆಯ ಮೇಲೆ ಇಟ್ಟುಕೊಳ್ಳುವುದು, ನೋಡುವುದು.

ಜೋಳ ಮೊಳಕಾಲೆತ್ತರ ಬಂತು. ಬೆಳಗಿನ ಮಂಜಿನಲ್ಲಿ ಕುಬಿಹಾಳದ ಕಡೆಯಿಂದ ಬರುವ ಹುಡುಗರ ತಲೆಗೂದಲು ಒದ್ದೆಯಾಗಿರುತ್ತಿತ್ತು. ಕುಸುಬಿಯ ಹೂವು ಹೊಲದ ಅಂಚಿನಲ್ಲಿ ಹಳದಿ ಗೆರೆ ಎಳೆಯಿತು. ಅಣ್ಣ ಬರುವುದು ಹೆಚ್ಚಾಯಿತು. ತಂಗಿ ಶಾಂತಾಳನ್ನು ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು, ಕೊನೆಗೆ ‘ದೊಡ್ಡಾಕಿ ಎಲ್ಲದಾಳ್ರಿ?’ ಎಂದು ಕೇಳುತ್ತಿದ್ದರಂತೆ. ಉತ್ತರ ಕೇಳಿದ ಮೇಲೆ ತಿರುಗಿ ಬರುತ್ತಿರಲಿಲ್ಲವಂತೆ. ಅಣ್ಣ ನನ್ನ ಕೋಣೆಯ ಹೊಸ್ತಿಲ ಮೇಲೆ ಕೂತು, ಟೋಪಿಗೆ ಮೆತ್ತಿದ ಧೂಳು ಝಾಡಿಸುತ್ತ ಹೇಳಿದ: “ಎಳ್ಳ ಅಮಾಸಿ ಆದ ಮ್ಯಾಲೆ ಇಚಲಕರಂಜಿಯವರು ಬರ್ತಾರ. ಅವರ ಕಾಕಾನೂ ಬರ್ತಾರ. ಮಾತು ಮುಗಿಸಿ ಕಳಿಸಿಬಿಡೂಣು ಅಂತೈತಿ ಮನ್ಯಾಗ. ನೀ ಹೂಂ ಅನ್ನು, ಇಲ್ಲಾ ಯಾಕ ಬ್ಯಾಡ ಅಂತ ನಾಕು ಮಂದಿಗೆ ತಿಳಿಯೂಹಂಗ ಹೇಳು.”

ನಾಲ್ಕು ಮಂದಿಗೆ ತಿಳಿಯುವ ಹಾಗೆ ಹೇಳುವುದೇ ನನ್ನಿಂದ ಆಗದ್ದು. ಇಲ್ಲದ ಮಾತನ್ನು ಎತ್ತಿ ತೋರಿಸುವುದು ಹೇಗೆ? ಆಪಾಗೆ ಹೇಳಿದೆ. ಅವರು ನನ್ನ ಕಡೆ ನೋಡಲಿಲ್ಲ. ಪರದೆಯ ಮೇಲೆ ಯಾವುದೋ ದೆವ್ವ ಕಾಯುತ್ತಿತ್ತು. “ಅವತ್ತು ನಾನೂ ಬರ್ತೀನಿ” ಅಂದರು. “ನಿಮ್ಮ ಕಡೆ ಅಕ್ಕಿ ರೊಟ್ಟಿ ಭಾಳ ಛಲೋ ಮಾಡ್ತಾರಂತಲ್ಲ, ತಿನ್ನಾಕ.”

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಕಲಘಟಗಿಯ ದಾರಿ ಹಿಡಿದರೆ ಮಣ್ಣು ಕೆಂಪಾಗುತ್ತದೆ, ಮರಗಳು ಕಾಣಿಸುತ್ತವೆ. ತಂಬೂರಿನ ಮನೆಯ ಹಿಂದೆ ಭತ್ತದ ಬಣವೆ ಎದ್ದಿತ್ತು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಗಂಡಸರು ವಯಸ್ಸಿನ ಪ್ರಕಾರ ಕೂತಿದ್ದರು. ನನ್ನ ಗಂಡ ಕೊನೆಯಲ್ಲಿ, ಕಂಬಕ್ಕೆ ಒರಗಿ. ನಮ್ಮವ್ವ, ಶಾಂತಾ ಅಡಗಿಮನೆಯೊಳಗೆ. ನಾನು ಮತ್ತು ಆಪಾ ಅಡಗಿಮನೆಯ ಬಾಗಿಲ ಹೊಸ್ತಿಲಲ್ಲಿ. ನಮ್ಮಲ್ಲಿ ಇಂಥ ಮಾತು ಹಿರಿಯರಿಂದ ಶುರುವಾಗಿ ಕೆಳಗೆ ಇಳಿಯುತ್ತ ಬರುತ್ತದೆ. ಒಬ್ಬೊಬ್ಬರೂ ಹೂಂ ಅನ್ನುತ್ತ ಬಂದ ಮೇಲೆ ಸಕ್ಕರೆಯ ತಾಟು ತಿರುಗುತ್ತದೆ. ಸಕ್ಕರೆ ಬಾಯಿಗೆ ಬಿತ್ತೆಂದರೆ ಮಾತು ಮುಗಿದ ಹಾಗೆ. ಹೆಣ್ಣುಮಗಳ ಪಾಳಿ ಅದರ ನಂತರ, ಬಂದರೆ. ಅಣ್ಣ ಆಗಲೇ ತಾಟು ಹಿಡಿದು ತಲಬಾಗಿಲ ಬಳಿ ನಿಂತಿದ್ದ.

ಗಂಡನ ಕಾಕಾ ಮೊದಲು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ನನ್ನ ಬಾಜುವಿನಿಂದ ಆಪಾ ಎದ್ದು ಎರಡು ಹೆಜ್ಜೆ ಮುಂದೆ ಹೋಗಿ ಪಡಸಾಲೆಯೊಳಗೇ ನಿಂತರು.

“ಹಿರ್ಯಾರು ತಪ್ಪು ತಿಳೀಬಾರದ್ರಿ. ಹುಡುಗಿ ಒಂದು ಕೇಳೂದೈತಿ. ಮೊದಲ ಅಕಿ ಕೇಳಲಿ, ಆಮ್ಯಾಲೆ ನೀವು ಮಾತಾಡ್ರಿ.”

ಎಲ್ಲರೂ ತಿರುಗಿ ನೋಡಿದರು. ಕಾಕಾ ಅಂದರು: “ನೀವು ಯಾರ್ರಿ?”

“ಸಾಲಿಯಾಗ ಇಕಿ ಬಾಜು ಕುಂದರಾಕಿ.”

“ಸಾಲಿಯಾಗ ಕುಂದರ್ರಿ. ನಮ್ಮ ಮನಿತನದ ಮಾತಿನ್ಯಾಗ ನಿಮ್ಮ ಮಂದಿಗೇನ ಕೆಲಸ? ನಿಮ್ಮ ಓಣ್ಯಾಗ ಹೋಗಿ ಹೇಳ್ರಿ ಈ ಶಾಣ್ಯಾತನ.”

ಆ ಮಾತು ಬಿದ್ದದ್ದು ಅವರ ಮೇಲೆ. ಆದರೆ ಸಾಲು ಕೆಟ್ಟಿತ್ತು. ಎಲ್ಲರ ಕಣ್ಣು ಆಪಾರ ಮೇಲಿದ್ದ ಆ ಗಳಿಗೆಯಲ್ಲಿ ನನ್ನ ಬಾಯಿ ತೆರೆಯಿತು. ನಾನು ಕಾಕಾನಿಗೆ ಹೇಳಲಿಲ್ಲ, ಅಣ್ಣನಿಗೂ ಹೇಳಲಿಲ್ಲ. ಕಂಬಕ್ಕೆ ಒರಗಿದ್ದವನಿಗೆ ಹೇಳಿದೆ.

“ನಾನು ಬರಬೇಕೋ ಬ್ಯಾಡೋ, ನೀವು ಹೇಳ್ರಿ. ನಿಮ್ಮ ಬಾಯಿಂದ ಕೇಳಿದ್ರ ಈಗಿಂದೀಗ ಬರ್ತೀನಿ.”

ಅಷ್ಟು ಸಲೀಸಾಗಿ ಹೇಳಿದೆನೇ? ಇಲ್ಲವೆಂದು ಕಾಣುತ್ತದೆ, ತೊದಲಿರಬೇಕು. ಆದರೆ ಕೇಳಿದ್ದು ನಿಜ, ಮತ್ತು ಅವನು ‘ಬಾ’ ಎಂದು ಒಂದೇ ಒಂದು ಅಕ್ಷರ ಅಂದಿದ್ದರೆ ಹೋಗುತ್ತಿದ್ದದ್ದೂ ನಿಜ. ಅವನು ಜಮಖಾನೆಯ ಅಂಚಿನ ಎಳೆ ಹಿಡಿದು ನೋಡುತ್ತ ಕೂತ. ನನ್ನ ಗಂಟಲಿಗೆ ಹಳೆಯ ರೂಢಿಯ ಮಾತುಗಳು ಏರಿ ಬಂದವು. ಹೋಗಲಿ ಬಿಡ್ರಿ, ಎಲ್ಲರ ಮುಂದ ಹೇಳಾಕ ಸಂಕೋಚ ಇರಬೇಕು, ನಾನs ಬರ್ತೀನಿ. ಅವನ ಪರವಾಗಿ ಉತ್ತರ ಕಟ್ಟಿಕೊಡಲು ನಾಲಿಗೆ ಎದ್ದೇಬಿಟ್ಟಿತ್ತು. ಆಗ ಬೆನ್ನ ಹಿಂದಿನಿಂದ ಕೇಳಿಸಿತು, ಮೆಲ್ಲಗೆ: “ಕೈ ತಗಿ ಬೇಟಿ. ಈಗ ಅವರ ಪಾಳಿ.”

ಸುಮ್ಮನಾದೆ. ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡೆ.

ಬಣವೆಯ ಕಡೆ ಎತ್ತೊಂದು ಗೊರಸು ಕುಟ್ಟಿತು. ಒಬ್ಬರು ಕೆಮ್ಮಿದರು. ಕಾಕಾ, “ಹೇಳೋ, ಏನರ ಹೇಳು” ಅಂದರು. ಅವನ ತಾಯಿಯ ಅಣ್ಣನೂ ಅಂದರು. ಅವನು ಆ ಎಳೆಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಮೊದಲು ಎಲ್ಲರೂ ಅವನನ್ನು ನೋಡುತ್ತಿದ್ದರು. ಬರಬರುತ್ತ ಒಬ್ಬೊಬ್ಬರೇ ಕಣ್ಣು ತೆಗೆದರು. ವರ್ಷಕ್ಕೆ ಹತ್ತಿರ ನಾನೊಬ್ಬಳೇ ಎದುರು ಕೂತು ಉಂಡದ್ದು ಈಗ ಪಡಸಾಲೆಯ ನಡುವೆ ಎಲ್ಲರಿಗೂ ಕಾಣುವ ಹಾಗೆ ಕೂತಿತ್ತು. ನಾನು ಅದನ್ನು ವಿವರಿಸಬೇಕಾಗಿರಲಿಲ್ಲ. ಅಣ್ಣ ಸಕ್ಕರೆಯ ತಾಟನ್ನು ಗೋಡೆಯ ಗೂಡಿನಲ್ಲಿ ಇಟ್ಟುಬಿಟ್ಟ. ಇಟ್ಟ ಸಪ್ಪಳ ನನಗೆ ಇವತ್ತಿಗೂ ಕೇಳಿಸುತ್ತದೆ.

ಅವರು ಊಟ ಮಾಡದೆ ಹೋದರು.

ಗೆದ್ದ ಹಾಗೇನೂ ಅನ್ನಿಸಲಿಲ್ಲ. ಶಾಂತಾ ನನ್ನ ಹತ್ತಿರ ಬಹಳ ವರ್ಷ ಸರಿಯಾಗಿ ಮಾತಾಡಲಿಲ್ಲ. ಅವಳ ಮದುವೆ ತಡವಾಗಿ ಆಯಿತು. ನಾನು ಕುಂದಗೋಳದ ಕೋಣೆಗೆ ಮರಳಿ ಸ್ಟೋವ್ ಹಚ್ಚಿದೆ. ತಂಬೂರಿನಿಂದ ಬರುವಾಗ ಬಸ್ಸಿನಲ್ಲಿ ಆಪಾ ಕಿಟಕಿಯ ಕಡೆ ನೋಡುತ್ತಿದ್ದರು. “ಕಾಕಾ ಹಾಂಗ ಅನ್ನಬಾರದಿತ್ತು” ಎಂದೆ. “ಅಕ್ಕಿ ರೊಟ್ಟಿ ಭೇಷ್ ಇದ್ವು” ಅಂದರು. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ನನಗೂ ಎತ್ತಲು ಬಿಡಲಿಲ್ಲ. ಎಷ್ಟು ತಾಗಿತು ಎಂದು ಬರೆದು ತೋರಿಸುವ ಹಸಿರು ಸಾಲು ಅವರ ಮುಖದ ಕೆಳಗೆ ಇರಲಿಲ್ಲ.

ಜೋಳ ಕಿತ್ತು ಹೊಲ ಬೋಳಾಗುವ ಹೊತ್ತಿಗೆ ಅವರಿಗೆ ಬಿಜಾಪುರದ ಕಡೆ ವರ್ಗವಾಯಿತು. ತಮ್ಮ ತಂಗಿಯ ಊರು, ತಾವೇ ಕೇಳಿಕೊಂಡದ್ದು ಅಂದರು. ಹೋಗುವ ಹಿಂದಿನ ಸಂಜೆಯೂ ಆಡಿದೆವು. ಮಾಟಗಾರನ ಬಾಗಿಲತನಕ ಬಂದಿದ್ದೆವು. “ಉಳಿದದ್ದು ನೀನs ಮುಗಿಸು” ಎಂದು ಚಪ್ಪಲಿ ಮೆಟ್ಟಿಕೊಂಡರು.

ಆಮೇಲೆ ಸ್ವಲ್ಪ ದಿನ ಒಬ್ಬಳೇ ಆಡಿದೆ. ಬಿಸಿಗಾಳಿ ಶುರುವಾಗಿತ್ತು, ಗೋಣಿತಟ್ಟು ಸೀಳಿ ಧೂಳು ಬಂದು ಪರದೆಯ ಮೇಲೆ ಕೂರುತ್ತಿತ್ತು, ಮೆಷಿನ್ನು ಕಾದಂತೆ ಆ ವಾಸನೆ ಏಳುತ್ತಿತ್ತು. ಒಂದು ಸಂಜೆ ಅಜ್ಜನನ್ನು ಹಿಂದಿನ ಸಾಲಿಗೆ ಕಳಿಸಿ ಕಲ್ಲವ್ವನನ್ನು ಮುಂದೆ ತಂದೆ. ಆಟ ಒಮ್ಮೆಲೇ ಸುಲಭವಾಯಿತು. ಯಾರೂ ಸಾಯಲಿಲ್ಲ. ‘ನೋಡ್ರಿ ಆಪಾ’ ಎಂದು ತಿರುಗಿದೆ; ಸ್ಟೂಲ್ ಗೋಡೆಗೆ ಸರಿದಿತ್ತು. ಮರುದಿನ ಅಜ್ಜನನ್ನು ಮತ್ತೆ ಮುಂದೆ ನಿಲ್ಲಿಸಿದೆ. ಮಾಟಗಾರನ ಎದುರು ನಿಂತಾಗ, ಇವರು ಏನು ಮಾಡಬೇಕು ಎಂದು ಆಟ ಕೇಳುತ್ತಿರುವಾಗ ಕರೆಂಟು ಹೋಯಿತು. ಬಂದ ಮೇಲೆ ನಾನು ಮತ್ತೆ ಅಲ್ಲಿಗೆ ಹೋಗಲಿಲ್ಲ. ಮುಂದಿನ ಮಳೆಗಾಲಕ್ಕೆ ಮೆಷಿನ್ನೂ ಕೆಟ್ಟಿತು.

ಇಷ್ಟು ವರ್ಷ ಇದನ್ನು ಹೀಗೆಯೇ ಇಟ್ಟುಕೊಂಡಿದ್ದೆ. ಟೀವಿ ಅಂಗಡಿಯ ಮುಂದೆ ಆ ವಾಸನೆ ಬಂದ ದಿನ, ಮನೆಗೆ ಬಂದು ಅಣ್ಣನಿಗೆ ಫೋನು ಮಾಡಿದೆ. ಅವನಿಗೀಗ ಕಿವಿ ಮಂದ, ಆದರೆ ನೆನಪು ನನ್ನದಕ್ಕಿಂತ ಗಟ್ಟಿ. ಅವತ್ತು ಆಪಾ ನನ್ನ ಬೆನ್ನ ಹಿಂದೆ ಇರದಿದ್ದರೆ ನಾನು ಹೂಂ ಅಂದುಬಿಡುತ್ತಿದ್ದೆ ಎಂದೆ.

“ನಿನ್ನ ಬೆನ್ನ ಹಿಂದ ಯಾರಿದ್ರು?” ಅಂದ ಅಣ್ಣ. “ಆ ಹಿಂದಿ ಬಾಯಾರು, ನಿಮ್ಮ ಟೀಚರು, ಒಳಗ ಇರಲೇ ಇಲ್ಲಲ್ಲವಾ. ಕಾಕಾ ಅಂದ ಕೂಡಲೇ ಹೊರಗ ಹೋಗಿ ಕಟ್ಟಿ ಮ್ಯಾಲೆ ಕುಂತಿದ್ರು.”

“ಇಲ್ಲಣ್ಣಾ, ನನ್ನ ಹಿಂದs ಇದ್ರು. ಅವರ ಮಾತು ಕೇಳಿಸಿತ್ತು.”

“ನಿನ್ನ ಹಿಂದ ಖಾಲಿ ಬಾಗಲಾ ಇತ್ತು. ನಾನು ತಾಟು ಹಿಡಕೊಂಡು ನಿನ್ನ ಎದುರಿಗೇ ನಿಂತಿದ್ನೆಲ್ಲ.”

ವಾದಿಸಲು ಹೋದೆ, ಬಿಟ್ಟೆ. ಅವನು ಸರಿ ಇರಬೇಕು. ಅವನಿಗೆ ಅದನ್ನು ತಿದ್ದಿ ಇಟ್ಟುಕೊಳ್ಳುವ ಕಾರಣವಿಲ್ಲ, ನನಗೆ ಇದೆ. ಕೇಳೋಣವೆಂದರೆ ಆಪಾ ಇಲ್ಲ, ಹೋಗಿ ವರ್ಷಗಳಾದವು. ಹಾಗಾದರೆ ಆ ಹೊತ್ತು ನಾನು ಒಬ್ಬಳೇ ಕೂತಿದ್ದೆ, ನನ್ನ ಮಣಿಕಟ್ಟನ್ನು ನಾನೇ ಹಿಡಿದುಕೊಂಡಿದ್ದೆ. ಬೆನ್ನಿಗೊಬ್ಬರು ಇದ್ದರೆಂಬ ಆಸರೆಯಲ್ಲಿ ಇಷ್ಟು ಕಾಲ ಕಳೆದವಳಿಗೆ ಇದು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದ ಸುದ್ದಿ. ಫೋನು ಇಡಬೇಕೆನ್ನುವಾಗ ಅಣ್ಣ ಮತ್ತೆ ಅಂದ.

“ಒಂದು ಮಾತ್ರ ಖರೆ. ಅವಾ ಸುಮ್ಮ ಕುಂತಾಗ ಸಾಕಾಗಿ ನಾ ಸಕ್ರಿ ಹಂಚೇಬಿಡೂಣು ಅಂತ ಹೆಜ್ಜಿ ಇಟ್ಟಿದ್ನಿ. ಕಟ್ಟಿ ಮ್ಯಾಲಿಂದ ಆ ಬಾಯಾರು ಬಾಗಲದಾಗ ನನ್ನ ನೋಡಿ ಕೈ ಮಾಡಿದ್ರು. ಕಣ್ಣಾಗ ನೀರಿತ್ತು ಅವರಿಗೆ. ‘ತಡೀರಿ ಗೌಡ್ರ, ಇನ್ನೂ ಅವರ ಪಾಳಿ ಮುಗದಿಲ್ಲ’ ಅಂದ್ರು. ಏನಂದ್ರೋ ಏನೋ, ನನಗ ತಿಳೀಲಿಲ್ಲ. ಆದ್ರ ತಡದೆ.”

“ಹಲೋ” ಅಂದ ಅಣ್ಣ. “ಅದೀ ಏನು? ಹಲೋ?”

ನಾನು ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಫೋನು ಬಾಜುವಿನ ಖಾಲಿ ಕುರ್ಚಿಯ ಮೇಲೆ ಮಾತಾಡುತ್ತಿತ್ತು.